ಇಬ್ಬರೇ ಇರುವ ಮನೆಗೆ ಊಟದ ಕೋಣೆ ಬೇಕಾ?

ಪ್ರಶ್ನೆ: ನಾನು ವಿದ್ಯುತ್ ಇಲಾಖೆಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಹೆಂಡತಿ ಹೈಸ್ಕೂಲ್ ಟೀಚರ್ ಆಗಿದ್ದಳು, ಅವಳದ್ದೂ ಈ ವರ್ಷ ಮುಗಿಯಿತು. ಹಾಸನದಲ್ಲಿ 30×40 ಸೈಟಿನಲ್ಲಿ 1996ರಲ್ಲಿ ಕಟ್ಟಿಸಿದ ಮನೆ. ಕೆಳಗೆ 12×17 ಅಡಿಯ ಹಾಲ್, ಅಡುಗೆಮನೆ, ದೇವರಮನೆ, 10×12ರ ಡೈನಿಂಗ್ ರೂಮ್, ಅದರ ಹಿಂದೆ ಪಾತ್ರೆ ತೊಳೆಯುವ ಜಾಗ. ಮೆಟ್ಟಿಲ ಕೆಳಗೆ ಒಂದು ಸಣ್ಣ ಟಾಯ್ಲೆಟ್. ಮಲಗುವ ಕೋಣೆಗಳೆಲ್ಲ ಮೇಲೆ. ಡೈನಿಂಗ್ ರೂಮಿನಲ್ಲಿ ನಮ್ಮ ಮಾವನವರು ಸಕಲೇಶಪುರದ ಹತ್ತಿರದ ತಮ್ಮ ಮನೆಯಿಂದ ಕಳಿಸಿಕೊಟ್ಟ ಎಂಟು ಜನರ ಬೀಟೆ ಮೇಜು ಇದೆ. ಆದರೆ ನಾವಿಬ್ಬರೂ ತಟ್ಟೆ ಹಿಡಿದು ಕೂರುವುದು ಟಿವಿ ಮುಂದೆ. ಹೆಂಡತಿಗೆ ಮೊಣಕಾಲು ನೋವು ಶುರುವಾಗಿದೆ. ಮನೆ ರಿಪೇರಿ ಮಾಡಿಸೋಣ ಅಂತ ಹೊರಟರೆ ಒಬ್ಬೊಬ್ಬರದು ಒಂದೊಂದು ಮಾತು. ಕಂಟ್ರಾಕ್ಟರ್ ಗೋಡೆ ಒಡೆದು ಓಪನ್ ಕಿಚನ್ ಮಾಡೋಣ ಅನ್ನುತ್ತಾರೆ. ಮಗಳು ಅದನ್ನು ಬೆಡ್‌ರೂಮ್ ಮಾಡಿ ಅನ್ನುತ್ತಾಳೆ. ಭಾವನವರು, ಡೈನಿಂಗ್ ಇಲ್ಲದ ಮನೆಗೆ ಮುಂದೆ ಬೆಲೆ ಬರುವುದಿಲ್ಲ, ವಾಸ್ತುವೂ ಕೆಡುತ್ತದೆ ಅನ್ನುತ್ತಾರೆ. ಹಾಸನಾಂಬೆ ಬಾಗಿಲು ತೆಗೆದಾಗ ಬೆಂಗಳೂರಿನಿಂದ ಹದಿನೈದು ಜನ ಬರುತ್ತಾರೆ, ಅವರನ್ನೆಲ್ಲ ಎಲ್ಲಿ ಕೂರಿಸುವುದು ಅಂತ ಹೆಂಡತಿಯ ಚಿಂತೆ. ಮೇಜು ಮಾರುವುದು ಅವಳಿಗೆ ಇಷ್ಟವಿಲ್ಲ. ನಮ್ಮಂಥವರಿಗೆ ಡೈನಿಂಗ್ ರೂಮ್ ಬೇಕಾ, ಬೇಡವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಊಟಕ್ಕೆ ಅಂತಲೇ ಒಂದು ಕೋಣೆ ನಿಮಗೆ ಬೇಕಿಲ್ಲ. ಊಟಕ್ಕೆ ಒಂದು ಜಾಗ ಬೇಕೇ ಬೇಕು. ಇವೆರಡೂ ಒಂದೇ ಅಂದುಕೊಂಡಿದ್ದಕ್ಕೇ ನಿಮ್ಮ ಮನೆಯಲ್ಲಿ ಇಷ್ಟು ಚರ್ಚೆ ನಡೆಯುತ್ತಿದೆ. ಆದರೆ ಆ ಕೋಣೆಯ ಗೋಡೆ ಒಡೆಸಬೇಡಿ. ಮುಂದಿನ ಇಪ್ಪತ್ತು ವರ್ಷಕ್ಕೆ ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವ ಕೋಣೆ ಅದೇ.

ಹಾಸನದಲ್ಲಿ ಕೂತು 24 ವರ್ಷದಿಂದ ಮನೆಗಳ ನಕ್ಷೆ ಮಾಡುತ್ತಿದ್ದೇನೆ. ಬೇಲೂರು, ಆಲೂರು, ಚಿಕ್ಕಮಗಳೂರು ಕಡೆಯೂ ಓಡಾಟ. ಶುರುವಿನಲ್ಲಿ ಬರುತ್ತಿದ್ದವರೆಲ್ಲ ಡೈನಿಂಗ್ ದೊಡ್ಡದಿರಲಿ ಅನ್ನುತ್ತಿದ್ದರು. ಈಗ ಅವರಲ್ಲೇ ಎಷ್ಟೋ ಜನ ಅರವತ್ತು ದಾಟಿ, ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ನೀವು ಒಬ್ಬರೇ ಈ ಗೊಂದಲದಲ್ಲಿಲ್ಲ.

ಮೊದಲು ನಿಮ್ಮ ಕೋಣೆಯ ಲೆಕ್ಕ ನೋಡೋಣ. ಎಂಟು ಜನರ ಹಳೇ ಮೇಜು ಅಂದರೆ ಸಾಧಾರಣವಾಗಿ 7 ಅಡಿ ಉದ್ದ, 3½ ಅಡಿ ಅಗಲ. ಕುರ್ಚಿ ಹಿಂದಕ್ಕೆ ಎಳೆದು ಏಳುವುದಕ್ಕೆ, ಬಡಿಸುವವರು ಹಿಂದಿನಿಂದ ಹೋಗುವುದಕ್ಕೆ ಸುತ್ತ 3 ಅಡಿ ಬೇಕು. ನಿಮ್ಮದು 12 ಅಡಿ ಉದ್ದದ ಕೋಣೆ. 7 ಕಳೆದರೆ 5 ಉಳಿಯಿತು, ಒಂದೊಂದು ತುದಿಗೆ ಎರಡೂವರೆ ಅಡಿ. ತುದಿಯ ಎರಡು ಕುರ್ಚಿಗಳಲ್ಲಿ ಯಾರೂ ಕೂರುವುದಿಲ್ಲ, ಅಲ್ವಾ? ಅಲ್ಲಿ ಹಳೇ ಪೇಪರ್ ಕಟ್ಟೋ, ಇಸ್ತ್ರಿಗೆ ಹೋಗಬೇಕಾದ ಬಟ್ಟೆಯೋ ಕೂತಿರುತ್ತದೆ. ಜೊತೆಗೆ 30×40 ಸೈಟಿನಲ್ಲಿ ಡೈನಿಂಗ್ ಯಾವಾಗಲೂ ಮನೆಯ ನಡುವಿಗೋ ಹಿಂದಕ್ಕೋ ಬೀಳುತ್ತದೆ. ಪಕ್ಕದ ಮನೆಯ ಗೋಡೆ ಮೂರು ಅಡಿ ದೂರದಲ್ಲಿ. ಇರುವುದು ಒಂದು ಸಣ್ಣ ಕಿಟಕಿ. ಮಳೆಗಾಲದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಅಂಥ ಕೋಣೆಯಲ್ಲಿ, ಎಂಟು ಜನರ ಮೇಜಿನ ಒಂದು ಮೂಲೆಯಲ್ಲಿ, ಇಬ್ಬರೇ ಕೂತು ಊಟ ಮಾಡುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ನೀವು ಟಿವಿ ಮುಂದೆ ಹೋಗಿದ್ದು ಸೋಮಾರಿತನದಿಂದ ಅಲ್ಲ. ಬೆಳಕು ಇರುವ ಕಡೆ ಹೋದಿರಿ, ಅಷ್ಟೆ.

ಈಗ ಭಾವನವರ ಮಾತುಗಳು. ಡೈನಿಂಗ್ ಇಲ್ಲದೆ ಮನೆ ಪೂರ್ತಿಯಾಗುವುದಿಲ್ಲ ಅನ್ನುವುದು ನಮ್ಮ ಕಡೆಯ ಹಳೇ ರೂಢಿಯೇ ಅಲ್ಲ. ನಮ್ಮ ತೊಟ್ಟಿಮನೆಗಳನ್ನು ನೆನಪಿಸಿಕೊಳ್ಳಿ. ಜಗಲಿ, ನಡುಮನೆ, ತೊಟ್ಟಿಯ ಸುತ್ತ ಹಜಾರ, ಒಳಗೆ ಅಡುಗೆಮನೆ, ಬಚ್ಚಲು. ಊಟದ ಹೊತ್ತಿಗೆ ಹಜಾರದಲ್ಲಿ ಮಣೆ ಹಾಕುತ್ತಿದ್ದರು, ಎಲೆ ಹಾಕುತ್ತಿದ್ದರು. ಊಟವಾದ ಮೇಲೆ ನೆಲ ಸಾರಿಸಿದರೆ ಅದೇ ಜಾಗ ಸಂಜೆ ಅಡಿಕೆ ಸುಲಿಯುವುದಕ್ಕೆ, ರಾತ್ರಿ ಮಕ್ಕಳು ಮಲಗುವುದಕ್ಕೆ. ದೊಡ್ಡ ಮನೆತನಗಳಲ್ಲಿ ಅಡುಗೆಮನೆಗೆ ಅಂಟಿದಂತೆ ಊಟದ ಸಾಲು ಬೇರೆ ಇರುತ್ತಿತ್ತು, ನಿಜ. ಅಲ್ಲೂ ಮೇಜು ಕುರ್ಚಿ ಇರಲಿಲ್ಲ. ನಡುವೆ ಮೇಜು, ಸುತ್ತ ಕುರ್ಚಿ, ಊಟ ಬಿಟ್ಟರೆ ಬೇರೇನೂ ನಡೆಯದ ಕೋಣೆ, ಇದು ಬಂದಿದ್ದು ಬ್ರಿಟಿಷರ ಬಂಗಲೆಗಳಿಂದ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಬಂಗಲೆಗಳಲ್ಲಿ ಇವತ್ತಿಗೂ ನೋಡಬಹುದು. ಅಲ್ಲಿ ಅಡುಗೆಮನೆ ಹಿಂದೆ ದೂರದಲ್ಲಿರುತ್ತಿತ್ತು. ಆಳುಗಳು ಊಟ ತಂದು ಬಡಿಸುತ್ತಿದ್ದರು. ಆ ಬದುಕಿಗೆ ಆ ಕೋಣೆ ಸರಿಯಾಗಿತ್ತು. ನಿಮ್ಮ ಮನೆಯಲ್ಲಿ ಬಡಿಸುವವರೂ ನೀವೇ, ಉಣ್ಣುವವರೂ ನೀವೇ.

ಕಾನೂನೂ ಇದನ್ನು ಕೇಳುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಏನು ಹೇಳುತ್ತದೆ ಅಂದರೆ, ಊಟಕ್ಕೆ ಬೇರೆ ಜಾಗ ಇದ್ದರೆ ಅಡುಗೆಮನೆ ಕಡಿಮೆ ಅಂದರೂ 5 ಚದರ ಮೀಟರ್ ಇರಬೇಕು. ಅಡುಗೆಮನೆಯಲ್ಲೇ ಊಟವೂ ಆಗುವುದಾದರೆ 7.5 ಚದರ ಮೀಟರ್, ಅಂದರೆ ಸುಮಾರು 80 ಚದರ ಅಡಿ ಇರಬೇಕು, ಅಗಲ 2.1 ಮೀಟರಿಗೆ ಕಡಿಮೆ ಇರಬಾರದು. ಡೈನಿಂಗ್ ರೂಮ್ ಇಲ್ಲದ ಮನೆಯನ್ನು ನಿಯಮವೇ ಒಪ್ಪಿಕೊಂಡಿದೆ ಅಂತಾಯಿತಲ್ಲ.

ಮಾರುವಾಗ ಬೆಲೆ ಕಡಿಮೆಯಾಗುತ್ತದಾ? ಬೆಲೆ ಕಟ್ಟುವವರು ಸೈಟು ಎಲ್ಲಿದೆ, ಕಟ್ಟಡ ಎಷ್ಟು ಚದರ, ಎಷ್ಟು ಹಳೆಯದು, ದಾಖಲೆ ಸರಿಯಿದೆಯಾ ಅಂತ ನೋಡುತ್ತಾರೆ. ಇನ್ನು ಮನೆ ಕೊಳ್ಳುವವರ ಮಾತು. ನಾನು ಕಂಡಂತೆ ಹಾಸನದಲ್ಲಿ ಮನೆ ನೋಡಲು ಬರುವ ದಂಪತಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಕೆಳಗೆ ಒಂದು ರೂಮ್ ಇದೆಯಾ? ಅಪ್ಪ ಅಮ್ಮ ಇದ್ದಾರೆ’ ಅನ್ನುವುದು. ಡೈನಿಂಗ್ ಇದೆಯಾ ಅಂತ ಕೇಳಿ ವಾಪಸ್ ಹೋದವರನ್ನು ನಾನು ನೋಡಿಲ್ಲ.

ವಾಸ್ತು ನಂಬಿಕೆಯ ವಿಷಯ, ಅದರಲ್ಲಿ ನಿಮ್ಮ ಮನಸ್ಸಿಗೆ ಸಮಾಧಾನ ಇರಬೇಕು. ಪೂರ್ವಕ್ಕೆ ಮುಖ ಮಾಡಿ ಊಟ ಮಾಡಬೇಕು ಅನ್ನುವುದಾದರೆ ಮೇಜನ್ನು ಹಾಗೆ ತಿರುಗಿಸಿದರೆ ಆಯಿತು. ಅದಕ್ಕೆ ನಾಲ್ಕು ಗೋಡೆ ಬೇಕಿಲ್ಲ.

ಇನ್ನು ಹಾಸನಾಂಬೆ ದರ್ಶನಕ್ಕೆ ಬರುವ ಹದಿನೈದು ಜನ. ನಿಮ್ಮ ಮನೆಯವರಿಗೆ ಒಂದು ಮಾತು ಕೇಳಿ. ಇಷ್ಟು ವರ್ಷದಲ್ಲಿ ಆ ಹದಿನೈದು ಜನ ಒಟ್ಟಿಗೆ ಆ ಡೈನಿಂಗ್ ರೂಮಿನಲ್ಲಿ ಒಂದು ಸಲವಾದರೂ ಕೂತಿದ್ದಾರಾ? ಎರಡು ಪಂಕ್ತಿ ಮಾಡಿರುತ್ತೀರಿ, ಇಲ್ಲವೇ ಹಾಲ್‌ನಲ್ಲಿ ಚಾಪೆ ಹಾಸಿ ಎಲೆ ಹಾಕಿರುತ್ತೀರಿ. ಮುಂದೆಯೂ ಹಾಗೇ ಮಾಡಿ. ಕೆಳಗೆ ಕೂರಲಾಗದವರಿಗೆ ಮಾತ್ರ ಮೇಜು ಕುರ್ಚಿ. ಮಡಚುವ ಮೇಜು ಎರಡು ತಂದು ಮಂಚದ ಕೆಳಗಿಟ್ಟುಕೊಂಡರೆ ಗೌರಿ ಹಬ್ಬಕ್ಕೂ ಆಯಿತು, ಹಿರಿಯರ ಪೂಜೆಗೂ ಆಯಿತು. ವರ್ಷಕ್ಕೆ ಹತ್ತು ಹನ್ನೆರಡು ದಿನದ ಜನಕ್ಕೆ ಅಂತ ಮನೆಯ ಹತ್ತನೇ ಒಂದು ಭಾಗವನ್ನು ಮುನ್ನೂರ ಐವತ್ತು ದಿನ ಸುಮ್ನೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೋಣೆ ಯಾಕೆ ಬೇಡ ಅಂತ. ಜಾಗ ಯಾಕೆ ಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಕೆಲಸದಲ್ಲಿ ಇರುವಷ್ಟು ದಿನ ಗಡಿಯಾರ ನಮ್ಮನ್ನು ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸುತ್ತದೆ. ನಿವೃತ್ತಿಯಾದ ಮೇಲೆ ಅದಿಲ್ಲ. ಮಧ್ಯಾಹ್ನದ ಊಟ ಎರಡೂವರೆಗೆ ಜಾರುತ್ತದೆ. ರಾತ್ರಿ ಸೋಫಾದಲ್ಲಿ ತೊಡೆ ಮೇಲೆ ತಟ್ಟೆ. ಬೆನ್ನು ಬಾಗಿರುತ್ತದೆ, ಕಣ್ಣು ಟಿವಿ ಮೇಲೆ. ವಯಸ್ಸಾದಂತೆ ನುಂಗುವುದು ಸ್ವಲ್ಪ ನಿಧಾನವಾಗುತ್ತದೆ, ನೆಟ್ಟಗೆ ಕೂತು ಉಣ್ಣದಿದ್ದರೆ ನೆತ್ತಿಗೆ ಹತ್ತುತ್ತದೆ. ಇದಕ್ಕೆಲ್ಲ ಬೇಕಾದದ್ದು ಬೆಳಕಿರುವ ಒಂದು ಜಾಗ, ಅಡುಗೆಮನೆಯಿಂದ ಏಳೆಂಟು ಹೆಜ್ಜೆ, ಇಬ್ಬರು ಎದುರುಬದುರು ಕೂರುವಂಥ ಮೇಜು. ಮಾತ್ರೆ ಡಬ್ಬಿಯೂ ಅಲ್ಲೇ, ನೀರಿನ ಜಗ್ಗೂ ಅಲ್ಲೇ.

ಆ ಮೇಜು ಹೇಗಿರಬೇಕು ಅನ್ನುವುದರಲ್ಲಿ ಜನ ತಪ್ಪು ಮಾಡುವುದು ಜಾಸ್ತಿ. ಅಡುಗೆಮನೆ ಕಟ್ಟೆಗೆ ಅಂಟಿದ ಬ್ರೇಕ್‌ಫಾಸ್ಟ್ ಕೌಂಟರ್, ಎತ್ತರದ ಸ್ಟೂಲ್, ದಯವಿಟ್ಟು ಬೇಡ. ಎರಡು ಅಡಿಗೂ ಮೇಲಿರುವ, ಬೆನ್ನಿಲ್ಲದ ಸ್ಟೂಲಿನ ಮೇಲೆ ಹತ್ತುವುದು ಮೊಣಕಾಲು ನೋವಿರುವವರ ಕೆಲಸವಲ್ಲ. ಇಳಿಯುವಾಗ ಬಿದ್ದವರ ಮನೆಗೆ ಹೋಗಿ ಅದನ್ನು ಕಿತ್ತು ಹಾಕಿಸಿದ್ದೇನೆ. ನಡುವೆ ಒಂದೇ ಕಾಲಿರುವ ದುಂಡು ಮೇಜು ನೋಡಲು ಚೆಂದ, ಮೂಲೆ ತಾಗುವುದಿಲ್ಲ. ಆದರೆ ಮಂಡಿ ನೋವಿರುವವರು ಏಳುವಾಗ ಮೇಜಿನ ಅಂಚಿಗೆ ಕೈಯೂರಿ ಪೂರ್ತಿ ಭಾರ ಹಾಕುತ್ತಾರೆ. ಹಗುರವಾದ ಒಂಟಿ ಕಾಲಿನ ಮೇಜು ಆಗ ವಾಲುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಾಲಿರುವ, 4 ಅಡಿಗೆ 2½ ಅಡಿಯ ಮೇಜು ಇಬ್ಬರಿಗೆ ಧಾರಾಳ, ನಾಲ್ವರಿಗೂ ಸಾಕು. ಎತ್ತರ 30 ಇಂಚು. ಕುರ್ಚಿಯ ಆಸನ 18 ಇಂಚಿನಷ್ಟು, ಎರಡೂ ಕಡೆ ಕೈ ಇರಲಿ, ಆ ಕೈಗಳು ಮೇಜಿನ ಕೆಳಗೆ ಸರಾಗವಾಗಿ ಹೋಗಬೇಕು. ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಟೈಲ್ಸ್ ಮೇಲೆ ಕುರ್ಚಿ ಜಾರುವುದು ನಿಲ್ಲುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಏಳುವಾಗ ಕುರ್ಚಿ ಹಿಂದಕ್ಕೆ ಜಾರಿ ಬೀಳುವುದನ್ನು ಒಮ್ಮೆ ನೋಡಿದವರಿಗೆ ಸಣ್ಣದು ಅನ್ನಿಸುವುದಿಲ್ಲ.

ಈಗ ಆ ಕೋಣೆಗೆ ಬರುತ್ತೇನೆ. ಇಲ್ಲಿ ನನ್ನ ಮನೆಯದೇ ಒಂದು ವಿಷಯ ಹೇಳಬೇಕು.

ಚಿಕ್ಕಮಗಳೂರಿನಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿದಾಗ ನಕ್ಷೆ ಮಾಡಿದ್ದು ನಾನೇ. ಆಗ ನನಗೆ ಮೂವತ್ತೂ ಆಗಿರಲಿಲ್ಲ. ಕೆಳಗೆ ಹಾಲ್, ಅಡುಗೆಮನೆ, ಚೆಂದದ ಡೈನಿಂಗ್. ಮಲಗುವ ಕೋಣೆಗಳು ಮೇಲೆ, ಬಾಲ್ಕನಿಯಿಂದ ಮುಳ್ಳಯ್ಯನಗಿರಿ ಸಾಲು ಕಾಣುತ್ತಿತ್ತು. ಒಂದು ಜುಲೈನಲ್ಲಿ, ಜಡಿಮಳೆ ಹಿಡಿದಿತ್ತು, ಅಪ್ಪ ಹಿತ್ತಲ ಮೆಟ್ಟಿಲ ಪಾಚಿಯ ಮೇಲೆ ಕಾಲಿಟ್ಟು ಜಾರಿದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರು. ಮೆಟ್ಟಿಲು ಹತ್ತುವ ಹಾಗಿಲ್ಲ. ಹಾಲ್‌ನಲ್ಲಿ ಮಂಚ ಹಾಕಿದೆವು. ನೋಡಲು ಬಂದವರೆಲ್ಲ ಅದೇ ಹಾಲ್‌ನಲ್ಲಿ ಕೂರುತ್ತಿದ್ದರು. ಪಂಚೆ ಬದಲಿಸಬೇಕು ಅಂದರೆ ಅಮ್ಮ ಸೀರೆ ಅಡ್ಡ ಹಿಡಿಯಬೇಕಿತ್ತು. ಅಪ್ಪ ಜೀವನವಿಡೀ ಇಸ್ತ್ರಿ ಅಂಗಿ ಹಾಕದೆ ಬಾಗಿಲಿಗೆ ಬಂದವರಲ್ಲ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮೆಟ್ಟಿಲ ಕೆಳಗಿನ ಟಾಯ್ಲೆಟ್ಟಿನ ಬಾಗಿಲಲ್ಲಿ ವಾಕರ್ ಹೋಗುತ್ತಿರಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಪಕ್ಕದಲ್ಲೇ ಒಂದು ಕೋಣೆ, ಬಾಗಿಲಿದ್ದ ಕೋಣೆ, ಖಾಲಿ ಇತ್ತು. ಅದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಯಾಕೆಂದರೆ ಅದು ಡೈನಿಂಗ್ ರೂಮ್. ಕೊನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಕೇಳಿದರು, ‘ಆ ಮೇಜು ತೆಗೆದು ಅಯ್ಯನವರ ಮಂಚ ಅಲ್ಲಿ ಹಾಕಬಾರದಾ?’ ಅವತ್ತು ಸಂಜೆಯೇ ಹಾಕಿದೆವು. ಮನೆ ಕಟ್ಟುವುದು ಓದಿದ ನನಗೆ ಕಾಣದ್ದು ಅವರಿಗೆ ಕಂಡಿತ್ತು. ಅಲ್ಲಿಂದ ಮುಂದೆ ಅರವತ್ತರ ಹತ್ತಿರದವರಿಗೆ ನಾನು ಮಾಡಿದ ಒಂದು ನಕ್ಷೆಯಲ್ಲೂ ಕೆಳಗೆ ಮಲಗುವ ಕೋಣೆ ತಪ್ಪಿಲ್ಲ.

ಹಾಗಾಗಿ ನಿಮ್ಮ ಮಗಳು ಹೇಳುವುದರಲ್ಲಿ ಸತ್ಯವಿದೆ. ಆದರೂ ಇವತ್ತೇ ಅದನ್ನು ಪೂರ್ತಿ ಬೆಡ್‌ರೂಮ್ ಮಾಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆಯವರು ಈಗ ತಾನೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಮೇಲಿನ ಕೋಣೆಯ ಗಾಳಿ ಬೆಳಕು ಬಿಟ್ಟು ಕೆಳಗಿನ ಕತ್ತಲ ಕೋಣೆಗೆ ಮಂಚ ಇಳಿಸಿದರೆ ನಾವು ಮುದುಕರಾಗಿಬಿಟ್ಟೆವು ಅನ್ನಿಸುತ್ತದೆ. ಅದೂ ಒಂದು ನಷ್ಟವೇ. ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರ್ ಹೇಳದಿದ್ದರೆ, ಹತ್ತುವ ಶಕ್ತಿ ಇರುವವರೆಗೆ ಮೆಟ್ಟಿಲ ಕಂಬಿ ಹಿಡಿದು ಹತ್ತಲಿ, ಮೇಲೆಯೇ ಮಲಗಲಿ.

ಕಂಟ್ರಾಕ್ಟರ್ ಹೇಳಿದ ಓಪನ್ ಕಿಚನ್‌ಗೆ ನನ್ನ ಒಪ್ಪಿಗೆ ಇಲ್ಲ. ಎರಡು ಕಾರಣ. 1996ರ ಸುಮಾರಿಗೆ ನಮ್ಮಲ್ಲಿ ಕಟ್ಟಿದ ಎಷ್ಟೋ ಮನೆಗಳಿಗೆ ಕಂಬ ತೊಲೆಗಳ ಚೌಕಟ್ಟಿಲ್ಲ. 9 ಇಂಚಿನ ಇಟ್ಟಿಗೆ ಗೋಡೆಯೋ ಸೈಜುಗಲ್ಲಿನ ಗೋಡೆಯೋ ನೇರವಾಗಿ ತಾರಸಿಯನ್ನು ಹೊತ್ತಿರುತ್ತದೆ. ನಿಮ್ಮ ಗೋಡೆ 9 ಇಂಚಿದೆಯಾ ಅಳೆಯಿರಿ. ಅದೇ ಗೆರೆಯಲ್ಲಿ ಮೇಲಿನ ಮಹಡಿಯಲ್ಲೂ ಗೋಡೆ ಎದ್ದಿದೆಯಾ ನೋಡಿ. ತಾರಸಿಯ ನೀರಿನ ಟ್ಯಾಂಕ್ ಎಲ್ಲಿ ಕೂತಿದೆ ನೋಡಿ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಅಂಥ ಗೋಡೆ ತೆಗೆಯಲೇಬೇಕು ಅಂದರೆ ಮೇಲೆ ತೊಲೆ ಕೊಡಬೇಕು, ಆ ತೊಲೆಯ ಎರಡು ತುದಿಯ ಭಾರ ಭೂಮಿಗೆ ಇಳಿಯಲು ದಾರಿ ಮಾಡಬೇಕು, ಅಲ್ಲಿಯವರೆಗೆ ತಾರಸಿಗೆ ಆನಿಕೆ ನಿಲ್ಲಿಸಬೇಕು. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಲೆಕ್ಕ ಹಾಕಿ ಕೊಡಬೇಕು. ‘ಏನೂ ಆಗಲ್ಲ ಸಾರ್, ಇಂಥದ್ದು ಬಹಳ ಮಾಡಿದ್ದೇವೆ’ ಅನ್ನುವ ಮಾತಿನ ಮೇಲೆ ಒಡೆಸಬೇಡಿ. ಮೊದಲ ಮಳೆಗಾಲದಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ, ಆಮೇಲೆ ಮೇಲಿನ ಬಾಗಿಲು ಚಿಲಕಕ್ಕೆ ಕೂರುವುದಿಲ್ಲ. 4½ ಇಂಚಿನ ಗೋಡೆಯಾದರೂ ಎಂಜಿನಿಯರ್ ಕೇಳಿಯೇ ತೆಗೆಯಿರಿ. ಹಳೇ ಮನೆಯಲ್ಲಿ ತಾರಸಿ ಸ್ವಲ್ಪ ಬಾಗಿ ಅದರ ಮೇಲೂ ಕೂತಿರಬಹುದು.

ಎರಡನೇದು ನಮ್ಮ ಅಡುಗೆ. ಒಣಮೆಣಸಿನಕಾಯಿ ಒಗ್ಗರಣೆ, ಮೀನು ಹುರಿದಿದ್ದು, ಕೋಳಿ ಸಾರಿನ ಮಸಾಲೆ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಮನೆಯೊಳಗೆ ಹಗ್ಗದ ಮೇಲೆ, ಮೂರು ದಿನ. ಗೋಡೆ ಇಲ್ಲದಿದ್ದರೆ ಆ ಘಾಟು ಪೂರ್ತಿ ಬಟ್ಟೆಗೆ, ಹಾಸಿಗೆಗೆ. ಹೊರಗೆ ಪೈಪ್ ಬಿಡದ ಚಿಮಣಿ ಎಣ್ಣೆ ಜಿಡ್ಡು ಹಿಡಿಯುತ್ತದೆ, ಶಾಖ ಮತ್ತು ತೇವವನ್ನು ಮತ್ತೆ ಒಳಗೇ ಬಿಡುತ್ತದೆ. ಕುಕ್ಕರ್, ಮಿಕ್ಸಿ ಸದ್ದು ಬೇರೆ. ಅಡುಗೆಮನೆಯಲ್ಲಿ ಇರುವವರ ಜೊತೆ ಮಾತಾಡಬೇಕು, ತಟ್ಟೆ ಹೊತ್ತು ತಿರುಗುವುದು ತಪ್ಪಬೇಕು ಅನ್ನುವುದಾದರೆ, ಡೈನಿಂಗ್‌ಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ 3 ಅಡಿ ಅಗಲದ ಬಡಿಸುವ ಕಿಟಕಿ ಮಾಡಿಸಿ. ಅದಕ್ಕೂ ಮೇಲೆ ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರುವ ಅಡ್ಡಪಟ್ಟಿ ಬೇಕು, ಎರಡೂ ಬದಿಗೆ ಗೋಡೆಯ ಮೇಲೆ ಕನಿಷ್ಠ 6 ಇಂಚು ಕೂರಬೇಕು. ಸ್ಲೈಡಿಂಗ್ ಬಾಗಿಲಿಟ್ಟರೆ ಒಗ್ಗರಣೆ ಹೊತ್ತಿಗೆ ಮುಚ್ಚಬಹುದು.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ.

ಬೀಟೆ ಮೇಜನ್ನು ಹಾಲ್‌ಗೆ ತರುತ್ತಿದ್ದೆ. ಮುಂದಿನ ಕಿಟಕಿಯ ಕೆಳಗೆ, ಉದ್ದದ ಬದಿ ಗೋಡೆಗೆ ತಾಗುವಂತೆ. 12 ಅಡಿ ಅಗಲದಲ್ಲಿ ಮೂರೂವರೆ ಹೋದರೂ ಸೋಫಾಗೆ ಎಂಟೂವರೆ ಅಡಿ ಉಳಿಯುತ್ತದೆ. ಬೆಳಗ್ಗೆ ಪೇಪರ್ ಓದಲು, ಬ್ಯಾಂಕ್ ಕಾಗದ ಹರಡಲು, ಮೊಮ್ಮಕ್ಕಳು ಬಂದಾಗ ಚಿತ್ರ ಬರೆಯಲು, ಸೊಗಡವರೆ ಕಾಲದಲ್ಲಿ ಕಾಯಿ ಸುಲಿದು ಹಿದುಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಬ್ಬದ ದಿನ ನಡುವಿಗೆ ಎಳೆದರೆ ಎಂಟೂ ಕುರ್ಚಿಗೆ ಜಾಗ ಸಿಗುತ್ತದೆ, ತುದಿಯವಕ್ಕೂ. ದೊಡ್ಡ ಮೇಜು ಇಷ್ಟು ದಿನ ಸಣ್ಣ ಕೋಣೆಯಲ್ಲಿತ್ತು, ಅಷ್ಟೆ. ಅದನ್ನು ಕೊಯ್ದು ಚಿಕ್ಕದು ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳೇ ಬೀಟೆಯ ಕೂಡುಗಳನ್ನು ಬಿಚ್ಚಿ ಮತ್ತೆ ಅಷ್ಟೇ ಗಟ್ಟಿಯಾಗಿ ಕೂಡಿಸುವ ಆಚಾರಿಗಳು ಈಗ ಕಡಿಮೆ. ಕಾಲುಗಳು ಬಿಚ್ಚಲು ಬರುತ್ತವಾ ನೋಡಿಸಿ, ಹಲಗೆಯನ್ನು ಅಡ್ಡಲಾಗಿ ನಿಲ್ಲಿಸಿದರೆ ಬಾಗಿಲಲ್ಲಿ ಬರುತ್ತದೆ. ನಾಲ್ಕು ಜನ ಗಟ್ಟಿಯಾದವರನ್ನು ಕರೆಯಿರಿ, ನೀವು ಕೈ ಹಾಕಬೇಡಿ.

10×12ರ ಕೋಣೆಯಲ್ಲಿ ಮೊದಲು ಮಾಡಬೇಕಾದ್ದು ಬೆಳಕು. ಹಿಂದಿನ ಗೋಡೆಯಲ್ಲಿ ಆಗುತ್ತದಾ, ಪಕ್ಕದ ಗೋಡೆಯಲ್ಲಿ ಆಗುತ್ತದಾ ನೋಡಿ ಕಿಟಕಿ ದೊಡ್ಡದು ಮಾಡಿಸಿ. ನೆಲದ ಆರನೇ ಒಂದು ಭಾಗದಷ್ಟು, ಅಂದರೆ 20 ಚದರ ಅಡಿ, 5×4ರ ಒಂದು ಕಿಟಕಿ. ಈ ಕಡೆಯ ತೇವಕ್ಕೆ, ಗೋಡೆಗೆ ಹಿಡಿಯುವ ಬೂಷ್ಟಿಗೆ ಅಷ್ಟು ಗಾಳಿ ಬೇಕು. ಆ ಕಿಟಕಿಯ ಹತ್ತಿರ ನಿಮ್ಮಿಬ್ಬರ ಸಣ್ಣ ಊಟದ ಮೇಜು. ಎದುರು ಗೋಡೆಗೆ ಒಂದು ದಿವಾನ್, ಮಧ್ಯಾಹ್ನ ಕಾಲು ಚಾಚುವುದಕ್ಕೆ. ಅಡುಗೆಮನೆಗೂ ಈ ಕೋಣೆಗೂ ನಡುವೆ, ಕೋಣೆಗೂ ಹಾಲ್‌ಗೂ ನಡುವೆ ಹೊಸ್ತಿಲಿದ್ದರೆ ತೆಗೆಸಿ. ಪೂಜೆ ಮಾಡುವ ಹೊಸ್ತಿಲು ಮುಂಬಾಗಿಲದ್ದು, ಅದು ಇರಲಿ. ಬಾಗಿಲು ಮಾತ್ರ ಉಳಿಸಿಕೊಳ್ಳಿ, ಚಿಲಕ ಸಮೇತ.

ಮುಖ್ಯವಾದ ಕೆಲಸ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿದೆ. ಅದರಲ್ಲಿ 5×7 ಅಡಿ ಸಿಕ್ಕಿದರೆ ಆ ಕೋಣೆಗೆ ಹೊಂದಿದ ಬಚ್ಚಲು ಆಗುತ್ತದೆ. ಈಗಲೇ ಕಟ್ಟಿಸಲು ಹಣವಿಲ್ಲದಿದ್ದರೆ ಪೈಪಾದರೂ ಈಗಲೇ ಹಾಕಿಸಿ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಡೈನಿಂಗ್‌ನಲ್ಲಿ ಕೈ ತೊಳೆಯುವ ಬೇಸಿನ್ ಇದೆಯಲ್ಲ, ಆ ಪೈಪಿಗೇ ಸೇರಿಸಿದರೆ ಆಯಿತು ಅನ್ನುತ್ತಾರೆ. ಆಗುವುದಿಲ್ಲ. ಅದು ಒಂದೂವರೆ ಇಂಚಿನ ಪೈಪ್. ಕಮೋಡಿಗೆ 4 ಇಂಚಿನ ಪೈಪ್ ಬೇಕು, ಬೇರೆಯಾಗಿ ಹೊರಗಿನ ಚರಂಡಿ ಚೇಂಬರಿಗೆ ಹೋಗಬೇಕು, 10 ಅಡಿಗೆ 2 ಇಂಚಿನಷ್ಟು ಇಳಿಜಾರು ಇರಬೇಕು. ರಿಪೇರಿಯಲ್ಲಿ ನೆಲ ಹೇಗೂ ಕೀಳಿಸುವುದಾದರೆ ಇದೇ ಸರಿಯಾದ ಹೊತ್ತು. ಈಗ ಹಾಕಿಸಿದರೆ ಅರ್ಧ ದಿನದ ಕೆಲಸ. ಆಮೇಲೆ ಯಾರಾದರೂ ಹಾಸಿಗೆ ಹಿಡಿದಿರುವಾಗ ಹೊಸ ಟೈಲ್ಸ್ ಒಡೆಯುವುದು, ಮನೆ ತುಂಬ ಧೂಳು, ಆ ಸಂಕಟ ಬೇಡ. ಇನ್ನೊಂದು ಎಚ್ಚರಿಕೆ. ಹಿಂದೆ ಬಿಡಬೇಕಾದ ಖಾಲಿ ಜಾಗಕ್ಕೆ ಚಾಚಿ ಹೊಸ ಗೋಡೆ ಕಟ್ಟಬೇಡಿ. ಈಗಿರುವ ಚಾವಣಿಯ ಒಳಗೇ ಆಗಬೇಕು, ಅದಕ್ಕೂ ಅನುಮತಿ ಬೇಕಾ ಅಂತ ನಗರಾಡಳಿತದ ಕಚೇರಿಯಲ್ಲಿ ಕೇಳಿಕೊಳ್ಳಿ.

ಬಚ್ಚಲು ಕಟ್ಟುವಾಗ ಬಾಗಿಲು 3 ಅಡಿ ಇರಲಿ, ಹೊರಗೆ ತೆರೆಯಲಿ. ಒಳಗೆ ಬಿದ್ದವರು ಒಳಗೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದಿದ್ದರೆ ಹೊರಗಿನವರು ತಳ್ಳಲಾಗುವುದಿಲ್ಲ. ಸಾಮಾನ್ಯ ಗಾಲಿಕುರ್ಚಿ 25ರಿಂದ 27 ಇಂಚು ಅಗಲ, ಎರಡೂಕಾಲು ಅಡಿಯ ಟಾಯ್ಲೆಟ್ ಬಾಗಿಲಲ್ಲಿ ಅದು ಹೋಗುವುದಿಲ್ಲ. ಹಿಡಿಕಂಬಿ ಕೂರಿಸುವ ಗೋಡೆಯನ್ನು ಗಟ್ಟಿ ಇಟ್ಟಿಗೆಯಲ್ಲೇ ಕಟ್ಟಿಸಿ. ಟೊಳ್ಳು ಬ್ಲಾಕಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಒಬ್ಬರ ಭಾರ ಬಿದ್ದ ದಿನ ಕಂಬಿ ಸಮೇತ ಕಿತ್ತು ಬರುತ್ತದೆ. ಮೆಟ್ಟಿಲ ಕೆಳಗಿನದು ಕೆಲಸದವರಿಗೆ, ಬಂದವರಿಗೆ ಇರಲಿ.

ಹೀಗೆ ಮಾಡಿದರೆ ಇವತ್ತು ಅದು ನಿಮ್ಮ ಊಟದ ಜಾಗ. ನೆಂಟರು ಬಂದಾಗ ಮೆಟ್ಟಿಲು ಹತ್ತಲಾಗದ ಅತ್ತೆಯೋ ದೊಡ್ಡಮ್ಮನೋ ಮಲಗುವ ಕೋಣೆ. ಬೇಕಾದ ದಿನ ಸಣ್ಣ ಮೇಜನ್ನು ಹಾಲ್‌ಗೆ ಸರಿಸಿ ದಿವಾನ್ ಜಾಗದಲ್ಲಿ ಮಂಚ ಹಾಕಿದರೆ ಒಂದು ಸಂಜೆಯ ಕೆಲಸ. 5 ಅಡಿಯ ಮಂಚ ನಡುವೆ ಹಾಕಿದರೂ 10 ಅಡಿ ಅಗಲದಲ್ಲಿ ಎರಡೂ ಬದಿಗೆ ಎರಡೂವರೆ ಅಡಿ ಉಳಿಯುತ್ತದೆ, ನೋಡಿಕೊಳ್ಳುವವರು ಯಾವ ಕಡೆಯಿಂದಲಾದರೂ ಬರಬಹುದು. ಮಂಚ ಬರುವ ಕಡೆ ಕೈಗೆಟುಕುವಂತೆ ಒಂದು ಲೈಟ್ ಸ್ವಿಚ್, ಒಂದು ಕರೆಗಂಟೆಯ ಪಾಯಿಂಟ್ ಈಗಲೇ ಎಳೆಸಿ.

ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಎರಡು ಕೆಲಸಕ್ಕೆ ಇಟ್ಟ ಕೋಣೆ ಬೇಗ ಸಾಮಾನಿನ ಕೋಣೆಯಾಗುತ್ತದೆ. ದಿವಾನ್ ಮೇಲೆ ಒಗೆದ ಬಟ್ಟೆ ಬೀಳಲು ಶುರುವಾದರೆ ಆರು ತಿಂಗಳಲ್ಲಿ ಮತ್ತೆ ಟಿವಿ ಮುಂದೆಯೇ ಊಟ. ಅದಕ್ಕೆ ಕೆಲಸ ಶುರು ಮಾಡುವ ಮುಂಚೆ ಒಂದು ಪ್ರಯೋಗ ಮಾಡಿ. ಹದಿನೈದು ದಿನ, ಮಡಚುವ ಸಣ್ಣ ಮೇಜೊಂದನ್ನು ನಿಮಗೆ ಬೆಳಕು ಚೆನ್ನಾಗಿದೆ ಅನ್ನಿಸುವ ಕಡೆಗಳಲ್ಲೆಲ್ಲ ಹಾಕಿ ಊಟ ಮಾಡಿ ನೋಡಿ. ಎಲ್ಲಿ ಕೂತಾಗ ಸಮಾಧಾನವಾಗಿ ಉಂಡಿರಿ, ಯಾವ ಹೊತ್ತಿನಲ್ಲಿ ಎಲ್ಲಿ ಬಿಸಿಲು ಬಂತು ಅಂತ ಮನೆಯವರು ಒಂದು ಹಾಳೆಯಲ್ಲಿ ಬರೆದಿಡಲಿ. ಹಾಲ್‌ನ ಕಿಟಕಿಯೇ ಗೆದ್ದರೆ ಊಟವೂ ಬೀಟೆ ಮೇಜಿನ ಮೇಲೇ ಆಗಲಿ, ಟಿವಿ ಬೇರೆ ಗೋಡೆಗೆ ಹೋಗಲಿ. ನನ್ನ ನಕ್ಷೆಗಿಂತ ಆ ಹಾಳೆ ಜಾಸ್ತಿ ಸರಿ ಇರುತ್ತದೆ.

ಕೆಲಸ ಮಳೆಗಾಲದಲ್ಲಿ ಶುರು ಮಾಡಬೇಡಿ, ಪ್ಲಾಸ್ಟರ್ ಒಣಗುವುದಿಲ್ಲ. ಆಶ್ವಯುಜದಲ್ಲಿ ಹಾಸನಾಂಬೆ ದರ್ಶನಕ್ಕೆ ನಿಮ್ಮ ಹದಿನೈದು ಜನ ಬಂದು ಹೋಗಲಿ. ದೀಪಾವಳಿ ಕಳೆದು ಕಾರ್ತಿಕದಲ್ಲಿ ಶುರು ಮಾಡಿ, ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ನೆಲದಲ್ಲಿ ಪೈಪ್ ಹಾಕಿದ ದಿನ, ಮಣ್ಣು ಮುಚ್ಚುವ ಮೊದಲು, ಅಳತೆ ಟೇಪ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಗೋಡೆಯಿಂದ ಎಷ್ಟು ಅಡಿ, ಎಷ್ಟು ಆಳ ಅಂತ ಬರೆದು ಮನೆ ಪತ್ರಗಳ ಫೈಲಿನಲ್ಲಿಡಿ, ಒಂದು ಪ್ರತಿ ಮಗಳಿಗೂ ಕಳಿಸಿ. ಮುಂದೆ ಆ ಬಚ್ಚಲು ಕಟ್ಟಿಸುವ ದಿನ ಬಂದಾಗ ಓಡಾಡುವವಳು ಬಹುಶಃ ಅವಳೇ.